ಎಡಗಾಲಿನ ಪೆಡಲು

ಪೆರಂಬೂರು
11 ಫೆಬ್ರವರಿ 2002

ಚಿ. ಮಧ್ವರಾಜನಿಗೆ,

ಅಕ್ಕ ಜಯಲಕ್ಷ್ಮಿಯ ಆಶೀರ್ವಾದ. ಫೋನಿನಲ್ಲಿ ನೀನು ‘ಹೂಂ’, ‘ಸರಿ’, ‘ಇಡ್ಲಾ’ ಅನ್ನುವುದರ ಆಚೆ ಬಾಯಿ ಬಿಡುವುದಿಲ್ಲವಾದ್ದರಿಂದ ಕಾಗದವೇ ಗತಿ.

ಬ್ಯಾಂಕಿನವರು ಸ್ವಯಂ ನಿವೃತ್ತಿ ಕೊಟ್ಟು ನನ್ನನ್ನು ಮನೆಗೆ ಕಳಿಸಿದ ಮೇಲೆ ನಿನ್ನ ಭಾವನ ಪೂಜೆಗೆ ಹೂ ಬಿಡಿಸುತ್ತಾ, ಮಧ್ಯಾಹ್ನದ ಧಾರಾವಾಹಿಗಳಿಗೆ ಕಣ್ಣೀರು ಸುರಿಸುತ್ತಾ ಕೂತಿದ್ದೆನಲ್ಲ, ಈಗ ಒಂದು ಕೆಲಸ ಸಿಕ್ಕಿದೆ. ನಗಬೇಡ. ಹಳೇ ಯಂತ್ರಗಳ ಹುಚ್ಚು ಹಿಡಿದವರ ಒಂದು ಕೂಟಕ್ಕೆ ಸೇರಿದ್ದೇನೆ. ತಿಂಗಳ ಎರಡನೇ ಭಾನುವಾರ ಸೇರುತ್ತಾರೆ. ಬದರಿನಾಥ್ ಅಂತ ಒಬ್ಬ ಆಡಿಟರು ಇದರ ಮುಂದಾಳು. ಸೀತಾರಾಮ ಅಂತ ಇನ್ನೊಬ್ಬರು, ನಮ್ಮ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲೇ ಇದ್ದು ರಿಟೈರಾದವರು. ಉಳಿದವರು ಬರುತ್ತಾರೆ, ಹೋಗುತ್ತಾರೆ. ಹೆಂಗಸು ನಾನೊಬ್ಬಳೇ. ಮೊದಲ ದಿನ ಯಾರದೋ ಹೆಂಡತಿ ಕಾಫಿ ತಂದಿದ್ದಾಳೆ ಅಂದುಕೊಂಡು ಎಲ್ಲರೂ ನನ್ನ ಕೈಯಲ್ಲಿ ಫ್ಲಾಸ್ಕು ಹುಡುಕಿದರು.

ಕೂಟದಲ್ಲೊಂದು ಪದ್ಧತಿ ಇದೆ. ಪ್ರತಿ ಸಲವೂ ಹೊರಡುವ ಮುಂಚೆ ಏನೋ ಒಂದು ಅರ್ಥವಾಗದ ವಸ್ತುವನ್ನು ನಡುವೆ ಇಟ್ಟು ‘ಇದೇನು?’ ಅಂತ ಕೇಳುತ್ತಾರೆ. ಎಲ್ಲರೂ ಊಹಿಸಬೇಕು. ಗೊತ್ತಿರುವವರು ಬಾಯಿ ಮುಚ್ಚಿಕೊಂಡಿರಬೇಕು. ಗೊತ್ತಿದ್ದೂ ಸುಮ್ಮನಿರುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ಹೇಳಬೇಕಿಲ್ಲ.

ಮುಂದಿನ ತಿಂಗಳು ಕ್ರೋಂಪೇಟೆಗೆ ಹೋಗುತ್ತೇವಂತೆ. ಅಲ್ಲಿ ಮುಚ್ಚಿಹೋದ ಒಂದು ಟ್ಯಾನರಿ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆ ಇದೆ. ಅದರೊಳಗೆ ಉಗಿ ಎಂಜಿನ್ ಒಂದು ಹಾಗೇ ನಿಂತಿದೆಯಂತೆ. ಭಾವನಿಗೆ ‘ಹಳೇ ಕಾರ್ಖಾನೆ’ ಅಂತ ಮಾತ್ರ ಹೇಳಿದ್ದೇನೆ. ಯಾವುದರ ಕಾರ್ಖಾನೆ ಅಂತ ಅವರೂ ಕೇಳಿಲ್ಲ.

ನಮ್ಮಪ್ಪ ತಾಂಬರಂ ಶೆಡ್ಡಿನಲ್ಲಿ ಎಂಜಿನ್ನುಗಳ ಹೊಟ್ಟೆಯೊಳಗೇ ಜೀವನ ಕಳೆದವರು. ನಮ್ಮನ್ನು ಮಾತ್ರ ಒಂದು ದಿನ ಕರೆದುಕೊಂಡು ಹೋಗಿ ತೋರಿಸಲಿಲ್ಲ. ರೈಲ್ವೆಯವರ ಮಕ್ಕಳೆಲ್ಲ ಪಾಸಿನಲ್ಲಿ ಕಾಶಿಗೆ ಹೋಗಿಬಂದರೆ, ನಮ್ಮಪ್ಪ ‘ಪುಕ್ಕಟೆ ಪ್ರಯಾಣ ನಮಗೆ ಬೇಡಮ್ಮಾ’ ಅಂದುಬಿಟ್ಟರು. ಆ ಆಸೆಯನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದೇನೆ.

ವಿಭಾ ಫೋನ್ ಮಾಡಿದ್ದಳು. ಬಿ.ಎಸ್ಸಿ. ಮುಗಿಸಿ ಇಲ್ಲಿಗೆ ಬಂದು ಚರ್ಮ ತಂತ್ರಜ್ಞಾನದ ಕೋರ್ಸು ಓದುತ್ತಾಳಂತೆ, ನಮ್ಮ ಮನೆಯಲ್ಲೇ ಇರುತ್ತಾಳಂತೆ. ‘ಅಪ್ಪನ್ನ ನೀವೇ ಒಪ್ಪಿಸ್ಬೇಕು ಅತ್ತೆ’ ಅಂದಳು. ಏನೋ ಇದು? ಅವಳಮ್ಮ ವೃಂದಾಳಿಗೆ ನನ್ನ ನೆನಪು ತಿಳಿಸು.

ನಿನ್ನ ಅಕ್ಕ,
ಜಯ


ದಾವಣಗೆರೆ
24 ಫೆಬ್ರವರಿ 2002

ಪೂಜ್ಯ ಅಕ್ಕನಿಗೆ ಮಧ್ವರಾಜನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ವಿಭಾ ನಿನ್ನ ಹತ್ತಿರ ವಕಾಲತ್ತು ಹಾಕಿಸಿದ್ದು ಗೊತ್ತಾಯಿತು. ನನ್ನ ಉತ್ತರ ಒಂದೇ, ಬೇಡ. ರಸಾಯನಶಾಸ್ತ್ರ ಓದಿದವಳಿಗೆ ಪ್ರಪಂಚದಲ್ಲಿ ಬೇರೆ ದಾರಿ ಇಲ್ಲವೆ? ಟೀಚರ್ ಆಗಲಿ, ಔಷಧಿ ಕಂಪನಿ ಸೇರಲಿ. ಹಸಿ ಚರ್ಮದ ತೊಟ್ಟಿಗಳ ನಡುವೆ ನಿಂತು ಸಂಜೆ ಮನೆಗೆ ಬರುವುದು ಬೇಡ.

ಅಪ್ಪ ಹೇಗಿದ್ದರು ಅಂತ ನಿನಗೆ ನೆನಪಿಲ್ಲವೆ? ಸಂಜೆ ಬಂದರೆ ಬೀದಿ ಬಾಗಿಲಿನಿಂದ ಒಳಗೆ ಕಾಲಿಟ್ಟವರಲ್ಲ. ಹಿತ್ತಲಿನಿಂದಲೇ ಬಚ್ಚಲಿಗೆ ಹೋಗುತ್ತಿದ್ದರು. ಕೈಯಿಂದ ನಲ್ಲಿ ಕೂಡ ಮುಟ್ಟದೆ, ತಾವೇ ಮಾಡಿಟ್ಟಿದ್ದ ಆ ಪೆಡಲನ್ನು ಎಡಗಾಲಿನಲ್ಲಿ ತುಳಿದು ನೀರು ಬಿಟ್ಟುಕೊಳ್ಳುತ್ತಿದ್ದರು. ಮುಳಬಾಗಿಲಿನಿಂದ ಬಂದ ನೆಂಟರೆಲ್ಲ ಆ ಪೆಡಲು ನೋಡಿ, ‘ಮಡಿ ಅಂದ್ರೆ ಇದಪ್ಪ’ ಅನ್ನುತ್ತಿದ್ದರು. ಅಂಥವರ ಮೊಮ್ಮಗಳು ಇವಳು. ಫೋನ್ ಬಂದಾಗ ನೀನು ಅವಳಿಗೆ ಬುದ್ಧಿ ಹೇಳಬೇಕು. ನಿನ್ನ ಮಾತು ಕೇಳುತ್ತಾಳೆ.

ನೀನು ಈ ವಯಸ್ಸಿನಲ್ಲಿ ತುಕ್ಕು ಹಿಡಿದ ಕಬ್ಬಿಣ ನೋಡಲು ಕ್ರೋಂಪೇಟೆಗೆ ಹೋಗಬೇಕಾ ಅಕ್ಕ? ಅದು ಯಾವ ಟ್ಯಾನರಿ? ಸ್ಟೇಷನ್ನಿನಿಂದ ಯಾವ ಕಡೆ? ಸುಮ್ಮನೆ ಕೇಳಿದೆ.

ಭಾವನವರಿಗೆ ನಮಸ್ಕಾರ ತಿಳಿಸು.

ಇಂತಿ,
ಮಧ್ವರಾಜ


ಪೆರಂಬೂರು
12 ಮಾರ್ಚ್ 2002

ಚಿ. ಮಧ್ವನಿಗೆ,

ನಿನ್ನ ಕಾಗದ ಬಂತು. ಹುಡುಗಿಗೆ ಬುದ್ಧಿ ಹೇಳುವುದನ್ನು ಸ್ವಲ್ಪ ಮುಂದೂಡಿದ್ದೇನೆ. ನೀನು ಸರ್ಕಾರಿ ಸುತ್ತೋಲೆ ಬರೆದ ಹಾಗೆ ಬರೆದರೆ ಅವಳು ಇನ್ನಷ್ಟು ಹಟ ಹಿಡಿಯುತ್ತಾಳೆ. ನಮ್ಮನೆಯ ಹೆಣ್ಣಲ್ಲವೇ?

ಭಾನುವಾರ ಕ್ರೋಂಪೇಟೆಗೆ ಹೋಗಿಬಂದೆ. ಸ್ಟೇಷನ್ನಿನಿಂದ ಇಳಿದು ಹಳಿ ದಾಟಿ ಒಂದಷ್ಟು ನಡೆದರೆ ಉದ್ದನೆಯ ಕಲ್ಲಿನ ಗೋಡೆ. ಒಳಗೆ ಹೆಂಚು ಹೊದೆಸಿದ ಎಂಜಿನ್ ಮನೆ. ಎಂಜಿನ್ ಎಷ್ಟು ಚೆನ್ನಾಗಿದೆ ಅನ್ನುತ್ತೀ! ನಮ್ಮ ದೇವರಮನೆಗಿಂತ ದೊಡ್ಡ ಗಾಲಿ. ಇಡೀ ಕಾರ್ಖಾನೆಯ ಮರದ ಪೀಪಾಯಿಗಳನ್ನು ಈ ಒಂದೇ ಎಂಜಿನ್ ಬೆಲ್ಟುಗಳ ಮೂಲಕ ತಿರುಗಿಸುತ್ತಿತ್ತಂತೆ. ಆ ಪೀಪಾಯಿಗಳೊಳಗೆ ಚರ್ಮ ಹೊರಳುತ್ತಾ ಹದವಾಗುತ್ತಿತ್ತು. ಸೀತಾರಾಮ ಅವರು ಎಣ್ಣೆ ಹಾಕುವ ಹಿತ್ತಾಳೆ ಬಟ್ಟಲುಗಳನ್ನು ಸವರಿ, ‘ಯಾರೋ ಮಗು ನೋಡ್ಕೊಂಡ ಹಾಗೆ ನೋಡ್ಕೊಂಡಿದಾರೆ ಮೇಡಂ’ ಅಂದರು.

ಈ ಸಲದ ‘ಇದೇನು?’ ಅಲ್ಲೇ ಸಿಕ್ಕಿತು. ಬಾಯ್ಲರಿಗೆ ಹೋಗುವ ನೀರನ್ನು ಬೆಚ್ಚಗೆ ಮಾಡುವ ಒಂದು ತೊಟ್ಟಿ ಇದೆ. ಅದರಿಂದ ಕವಲೊಡೆದ ಸಣ್ಣ ಪೈಪೊಂದು ಗೋಡೆ ತೂರಿ ಹಿಂಬದಿಗೆ ಹೋಗುತ್ತದೆ. ಅಲ್ಲಿ ತಲೆಯಷ್ಟು ಎತ್ತರದಲ್ಲಿ ಕೊನೆಯಾಗುತ್ತದೆ. ಪೈಪಿನ ಬಾಯಿಂದ ಒಂದು ಸರಪಳಿ ಇಳಿದಿದೆ. ಕೆಳಗೆ ಚಪ್ಪಡಿ ಕಲ್ಲು. ಎಂಜಿನ್ನಿಗೆ ಯಾವ ಕೆಲಸಕ್ಕೂ ಬಾರದ ಪೈಪು. ಬೆಂಕಿ ಹತ್ತಿಕೊಂಡರೆ ಆರಿಸಲು ಅಂತ ಬದರಿನಾಥ್. ತೊಟ್ಟಿ ತುಂಬಿ ಹರಿಯದಿರಲು ಅಂತ ಇನ್ನೊಬ್ಬರು. ಸೀತಾರಾಮ ಮಾತ್ರ, ‘ಇದು ಸುಮ್ನೆ ಪೈಪಲ್ಲ, ಏನೋ ವಿಷಯಂ ಇದೆ’ ಅಂತ ತಲೆ ಕೆರೆದುಕೊಂಡರು. ಕೊನೆಗೆ ಜಗಳವೇ ಆಯಿತು.

ನಾನು ಏನೂ ಹೇಳಲಿಲ್ಲ. ಬಿಸಿಲು ಹೆಚ್ಚಾಗಿತ್ತು, ಒಂದು ಕಡೆ ಕೂತುಬಿಟ್ಟೆ. ಮನೆಗೆ ಬಂದು ಬೇಗ ಮಲಗಿದೆ.

ಅಮ್ಮ ಅಪ್ಪನ ಪಂಚೆಗಳನ್ನು ಬೇರೆಯಾಗಿ ಒಗೆಯುತ್ತಿದ್ದಳಲ್ಲ, ಯಾತಕ್ಕೆ ಅಂತ ನಿನಗೇನಾದರೂ ನೆನಪಿದೆಯೆ? ಮಡಿಗೆ ಇರಬೇಕು. ಸುಮ್ಮನೆ ಕೇಳಿದೆ.

ಅಕ್ಕ


ದಾವಣಗೆರೆ
23 ಮಾರ್ಚ್ 2002

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ಕಾಗದ ತಲುಪಿತು. ಪಂಚೆಗಳನ್ನು ಮಡಿಗೇ ಬೇರೆ ಒಗೆಯುತ್ತಿದ್ದಳು, ಮತ್ತೇನು? ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ?

ನನ್ನದೊಂದು ಮಾತು ನಡೆಸಿಕೊಡು. ಇನ್ನು ಆ ಜಾಗಕ್ಕೆ ಹೋಗಬೇಡ. ಕೂಟದವರು ಬೇರೆ ಎಲ್ಲಿಗಾದರೂ ಕರೆದರೆ ಹೋಗು, ನಾನು ಬೇಡ ಅನ್ನುವುದಿಲ್ಲ. ಪಾಳುಬಿದ್ದ ಕಟ್ಟಡ, ಹಾವು ಹುಳ ಇರುತ್ತವೆ. ಹಟ ಮಾಡಿ ಹೋದರೂ ಆ ಪೆಡಲಿನ ಮೇಲೆ ಮಾತ್ರ ಕಾಲಿಡಬೇಡ. ಪೂರಾ ತುಕ್ಕು ತಿಂದಿರುತ್ತದೆ. ನಿನಗೆ ಶುಗರ್ ಇದೆ, ಕಾಲಿಗೆ ಗಾಯವಾದರೆ ಮಾಯುವುದಿಲ್ಲ. ಹೋದ ವರ್ಷ ಒಂದು ಮುಳ್ಳು ಚುಚ್ಚಿ ಎಷ್ಟು ದಿನ ಒದ್ದಾಡಿದೆ ನೆನಪಿದೆಯಲ್ಲ.

ವಿಭಾ ನನಗೆ ಹೇಳದೆಯೇ ಅರ್ಜಿ ಹಾಕಿದ್ದಾಳೆ. ಅವಳೂ ನಾನೂ ಮಾತು ಬಿಟ್ಟಿದ್ದೇವೆ. ವೃಂದಾ ನಡುವೆ ನಿಂತು ‘ಅಪ್ಪನಿಗೆ ಸಾರು ಬೇಕಾ ಕೇಳು’, ‘ಮಗಳು ಬೇಡ ಅಂದಳು ಅಂತ ಹೇಳು’ ಅಂತ ಅಂಚೆಯವಳ ಕೆಲಸ ಮಾಡುತ್ತಿದ್ದಾಳೆ.

ಇಂತಿ,
ಮಧ್ವರಾಜ


ದಾವಣಗೆರೆ
21 ಏಪ್ರಿಲ್ 2002

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ನಿನ್ನಿಂದ ಕಾಗದವಿಲ್ಲ. ಯುಗಾದಿಗೂ ಬರಲಿಲ್ಲ. ಪ್ರತಿ ಯುಗಾದಿಗೆ ಕಾಗದದ ಮಡಿಕೆಯಲ್ಲಿ ಒಣಗಿದ ಬೇವಿನ ಹೂ ಇಟ್ಟು ಕಳಿಸುತ್ತಿದ್ದೆ. ನಾನು ಪೋಸ್ಟ್‌ಮ್ಯಾನ್ ದಾರಿ ಕಾದು ಕಾದು, ಕೊನೆಗೆ ಫೋನ್ ಮಾಡಿದೆ. ಭಾವನವರು ಎತ್ತಿ, ‘ಅವಳು ಚೆನ್ನಾಗೇ ಇದಾಳೆ, ಯಾಕೋ ಮಾತು ಕಮ್ಮಿ’ ಅಂದರು. ನಿನಗೆ ಮಾತು ಕಮ್ಮಿ ಅಂದಮೇಲೆ ಹೇಗೆ ಚೆನ್ನಾಗಿರುತ್ತೀಯ?

ನನ್ನ ಕಾಗದದಲ್ಲಿ ಏನಾದರೂ ನೋಯುವ ಹಾಗೆ ಬರೆದಿದ್ದರೆ ಕ್ಷಮಿಸು. ವಿಭಾಳಿಗೆ ಸೀಟು ಸಿಗುವ ಹಾಗಿದೆ. ಒಪ್ಪಿಗೆ ಪತ್ರಕ್ಕೆ ತಂದೆ ಸಹಿ ಹಾಕಬೇಕಂತೆ. ಅದನ್ನು ನನ್ನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಜೂನ್ ಕೊನೆಯೊಳಗೆ ಕಳಿಸದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಹೋಗಲಿ.

ಎರಡು ಸಾಲು ಬರೆ ಅಕ್ಕ.

ಮಧ್ವ


ಪೆರಂಬೂರು
13 ಮೇ 2002

ಮಧ್ವಾ,

ನಾನು ಪೈಪು ಅಂತ ಬರೆದೆ. ಸರಪಳಿ ಅಂತ ಬರೆದೆ. ಚಪ್ಪಡಿ ಕಲ್ಲು ಅಂತ ಬರೆದೆ. ಪೆಡಲು ಅಂತ ಬರೆಯಲಿಲ್ಲ.

ಬೇಕೆಂದೇ ಬರೆಯಲಿಲ್ಲ. ಬರೆದರೆ ನೀನು ಮನೆಯ ಪೆಡಲು ನೆನೆಸಿಕೊಳ್ಳುತ್ತೀಯ, ನಿನ್ನ ಎದೆ ಒಡೆಯುತ್ತದೆ ಅಂತ ಭಯಪಟ್ಟೆ. ಅಪ್ಪನ ಮಡಿಯನ್ನು ದೇವರ ಪಟದ ಹಾಗೆ ಗೋಡೆಗೆ ತೂಗುಹಾಕಿಕೊಂಡಿರುವವನು ನೀನು. ಹಾಗಿರುವಾಗ ನಿನ್ನ ಕಾಗದ ಬಂತು, ‘ಆ ಪೆಡಲಿನ ಮೇಲೆ ಕಾಲಿಡಬೇಡ’ ಅಂತ. ಓದಿದೆ. ಮತ್ತೆ ಓದಿದೆ. ನನ್ನ ಕಾಗದದಲ್ಲಿ ನಾನೇ ಬರೆದಿದ್ದೆನೇನೋ ಅಂತ ದಿನಗಟ್ಟಲೆ ಯೋಚಿಸಿದೆ. ಬರೆದಿರಲಿಲ್ಲ ಕಣೋ. ಆ ಕಲ್ಲಿನ ಹತ್ತಿರ ನಿಂತವರಿಗಲ್ಲದೆ ಅಲ್ಲೊಂದು ಪೆಡಲಿದೆ ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅಂದು ನಡೆದದ್ದನ್ನು ಈಗ ಹೇಳುತ್ತೇನೆ. ಎಂಜಿನ್ ಮನೆಯೊಳಗೆ ಕಾಲಿಟ್ಟ ಕೂಡಲೇ ಒಂದು ವಾಸನೆ ಬಂತು. ತಂಗಡಿ ತೊಗಟೆಯದು, ಇಲ್ಲಿನವರು ಆವಾರಂ ಅನ್ನುತ್ತಾರಲ್ಲ, ಚರ್ಮ ಹದ ಮಾಡಲು ಬಳಸುತ್ತಾರೆ. ಅದರ ಜೊತೆ ಎಂಜಿನ್ ಎಣ್ಣೆ. ನನಗೆ ಆ ವಾಸನೆ ಗೊತ್ತಿತ್ತು. ಎಲ್ಲಿ ಅಂತ ಹೊಳೆಯಲಿಲ್ಲ. ಹಿಂಬದಿಗೆ ಹೋದೆವು. ಕಲ್ಲಿನ ಮೇಲೆ ಎಲೆ, ಮಣ್ಣು ತುಂಬಿತ್ತು. ಅವರೆಲ್ಲ ಪೈಪು ನೋಡುತ್ತಾ ತಲೆ ಎತ್ತಿ ವಾದ ಮಾಡುತ್ತಿದ್ದರು. ನಾನು ಕಲ್ಲಿನ ಮೇಲೆ ಹತ್ತಿ ನಿಂತೆ. ನನ್ನ ಎಡಗಾಲು ತಾನಾಗಿ ಪಕ್ಕಕ್ಕೆ ಸರಿದು ಎಲೆಗಳ ಕೆಳಗೆ ಏನನ್ನೋ ತುಳಿಯಿತು. ಮೇಲೆ ಸರಪಳಿ ಕದಲಿತು. ಅವರು ಗಾಳಿ ಅಂದುಕೊಂಡರು.

ಅವರೆಲ್ಲ ಮುಂದೆ ಹೋದಮೇಲೆ ಎಲೆ ಸರಿಸಿ ನೋಡಿದೆ. ಕಬ್ಬಿಣದ ಹಲಗೆ. ಒದ್ದೆಗಾಲು ಜಾರದಿರಲು ಉಳಿಯಲ್ಲಿ ಗೀರು ಹಾಕಿದ್ದಾರೆ. ಅಮ್ಮ ಶುಕ್ರವಾರ ಹಾಕುತ್ತಿದ್ದಳಲ್ಲ, ಎಂಟೆಸಳಿನ ರಂಗೋಲಿ, ಅದೇ. ನಮ್ಮ ಬಚ್ಚಲಿನ ಪೆಡಲಿನ ಮೇಲಿದ್ದದ್ದೇ. ಆಮೇಲೆ ಆ ವಾಸನೆ ಎಲ್ಲಿಯದು ಅಂತ ಗೊತ್ತಾಯಿತು. ಅಪ್ಪನ ಪಂಚೆಯದು. ಚಿಕ್ಕವಳಿದ್ದಾಗ ಅಮ್ಮ ಒಗೆಯುವ ಮುಂಚೆ ನಾನು ಅದನ್ನು ಮೂಸಿ, ರೈಲಿನ ವಾಸನೆ ಅಂತ ಖುಷಿಪಡುತ್ತಿದ್ದೆ.

ಅಪ್ಪ ತಾಂಬರಂ ಶೆಡ್ಡಿನಲ್ಲಿ ಇರಲೇ ಇಲ್ಲ ಅಲ್ಲವಾ? ಅದಕ್ಕೇ ಪಾಸು ಬರಲಿಲ್ಲ. ಟ್ಯಾನರಿಯ ಎಂಜಿನ್ ನಡೆಸುತ್ತಿದ್ದವರು ಅಪ್ಪ. ಮಡಿ ಅಂದುಕೊಂಡದ್ದೆಲ್ಲ ವಾಸನೆ ತೊಳೆಯುವ ಕೆಲಸ.

ನಿನಗೆ ಇದು ಯಾವಾಗಿನಿಂದ ಗೊತ್ತು? ಗೊತ್ತಿದ್ದೂ ಅಪ್ಪನ ಹೆಸರು ಹೇಳಿ ವಿಭಾಳನ್ನು ಹೇಗೆ ತಡೆಯುತ್ತಿದ್ದೀಯ? ನನಗೆ ನಿನ್ನ ಮೇಲೆ ಬಹಳ ಕೋಪ ಬಂದಿದೆ. ಬೇವಿನ ಹೂ ಕಳಿಸದೆ ಇದ್ದದ್ದು ಅದಕ್ಕೇ.

ಅಕ್ಕ


ದಾವಣಗೆರೆ
26 ಮೇ 2002

ಅಕ್ಕಾ,

ಇದನ್ನು ಬರೆಯಲು ಕೂತು ಬಹಳ ಹೊತ್ತಾಯಿತು.

ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿದ್ದ ಕಾಲ. ಅಪ್ಪನಿಗೆ ಹೇಳದೆ ತಾಂಬರಂ ಶೆಡ್ಡಿಗೆ ಹೋಗಿ, ‘ನಾನು ಫಿಟ್ಟರ್ ವಾದಿರಾಜಾಚಾರ್ ಮಗ’ ಅಂದೆ. ಅಂಥವರು ಯಾರೂ ಇಲ್ಲ ಅಂದರು. ವಾಪಸ್ ಬರುವ ಗಾಡಿ ಕ್ರೋಂಪೇಟೆಯಲ್ಲಿ ನಿಂತಾಗ ಅಪ್ಪ ನಾನು ಕೂತಿದ್ದ ಡಬ್ಬಿಗೇ ಹತ್ತಿದರು. ಕೂದಲು ಒದ್ದೆ, ಹಣೆಯಲ್ಲಿ ಆಗತಾನೇ ಇಟ್ಟ ಅಂಗಾರ, ಅಕ್ಷತೆ. ನನ್ನನ್ನು ನೋಡಿದರು. ಮುಂದಿನ ಸ್ಟೇಷನ್ನಿನಲ್ಲಿ ನನ್ನ ಭುಜ ಹಿಡಿದು ಇಳಿಸಿ, ಎದುರು ಗಾಡಿ ಹತ್ತಿಸಿ, ಟ್ಯಾನರಿಗೆ ಕರೆದುಕೊಂಡು ಹೋದರು.

ಎಂಜಿನ್ ತೋರಿಸಿದರು ಅಕ್ಕ. ಒಂದೊಂದು ಭಾಗವನ್ನೂ ಹೆಸರು ಹಿಡಿದು ತೋರಿಸಿದರು. ಉಗಿ ಬಿಡುವ ಗಾಲಿಯ ಮೇಲೆ ನನ್ನ ಕೈ ಇಡಿಸಿ, ಮೇಲೆ ತಮ್ಮ ಕೈ ಇಟ್ಟು ತಿರುಗಿಸಿದರು. ಅಷ್ಟು ದೊಡ್ಡ ಚಕ್ರ ಸದ್ದಿಲ್ಲದೆ ಹೊರಟಾಗ ಅಪ್ಪ ನಕ್ಕರು. ಮನೆಯಲ್ಲಿ ಅಂಥ ನಗುವನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಆಮೇಲೆ ಹಿಂದಕ್ಕೆ ಹೋದೆವು. ಪೆಡಲು ತುಳಿದು, ಸೀಗೆಪುಡಿಯಲ್ಲಿ ಕೈ ತಿಕ್ಕಿದರು. ಉಗುರಿನ ಸಂದು, ಮೊಣಕೈ, ಕತ್ತು, ಎಲ್ಲ ತಿಕ್ಕಿದರು. ಚರ್ಮ ಕೆಂಪಾಗಿ ಅಲ್ಲಲ್ಲಿ ಬಿರಿದಿತ್ತು. ‘ಒಂದು ಸ್ನಾನ ರೈಲಿನಲ್ಲಿ ಪಕ್ಕ ಕೂರೋರಿಗೆ, ಇನ್ನೊಂದು ಮನೆಯವರಿಗೆ’ ಅಂದರು. ನನಗೂ ಸ್ನಾನ ಮಾಡಿಸಿದರು. ಅಮ್ಮನಿಗೆ ಮೊದಲಿನಿಂದ ಗೊತ್ತಿತ್ತು. ರಾತ್ರಿ ಅವರ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದದ್ದು ಅದಕ್ಕೆ.

ಹೊರಡುವಾಗ ಅಪ್ಪ ಹೇಳಿದ್ದು ಇಷ್ಟೇ: ‘ಜಯಾಗೆ ಹೇಳ್ಬೇಡ. ಅವಳ ಮದುವೆ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ.’ ಭಾವನವರ ಮನೆಯಿಂದ ಮಾತುಕತೆ ನಡೆಯುತ್ತಿದ್ದ ದಿನಗಳು ಅವು. ಮದುವೆಯಾಯಿತು. ‘ಅವಳು ಆ ಮನೆಯಲ್ಲಿ ನೆಲೆಯೂರಲಿ’ ಅಂದರು. ಆಮೇಲೆ ‘ನೋಡೋಣ’ ಅಂದರು. ಆಮೇಲೆ ಅಪ್ಪನೇ ಹೋಗಿಬಿಟ್ಟರು. ಅವರೇ ಹೇಳುತ್ತೇನೆ ಅಂದಿದ್ದ ಮಾತನ್ನು ನಾನು ಹೇಗೆ ಹೇಳಲಿ? ನಿನಗೆ ಗೊತ್ತಿಲ್ಲ ಅಂದುಕೊಂಡೇ ಆ ಜಾಗಕ್ಕೆ ಹೋಗಬೇಡ ಅಂದೆ. ಈ ವಯಸ್ಸಿನಲ್ಲಿ ನಿನಗೆ ನೋವಾಗುವುದು ಬೇಡವಾಗಿತ್ತು.

ವಿಭಾಳ ವಿಷಯ. ನನಗೆ ಚರ್ಮ ಅಂದರೆ ಅಸಹ್ಯ ಅಂತ ನೀನೂ ಅವಳೂ ತಿಳಿದುಕೊಂಡಿದ್ದೀರಿ. ಅಸಹ್ಯವಲ್ಲ ಅಕ್ಕ, ಹೆದರಿಕೆ. ಮನುಷ್ಯ ತನ್ನ ಮನೆಗೆ ಬರಲು ಕೈ ಬಿರಿಯುವಷ್ಟು ತಿಕ್ಕಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಮಗಳು ಯಾರ ಮನೆಯ ಹಿತ್ತಲಲ್ಲೂ ಹಾಗೆ ನಿಲ್ಲಬಾರದು. ನಿನ್ನ ಮನೆಯ ಹಿತ್ತಲಲ್ಲೂ ನಿಲ್ಲಬಾರದು.

ಮಧ್ವ


ಪೆರಂಬೂರು
10 ಜೂನ್ 2002

ನನ್ನ ಪುಟ್ಟ ತಮ್ಮನಿಗೆ,

ನಿನ್ನ ಕಾಗದ ಓದಿ ಅತ್ತೆ. ಕೋಪ ಪೂರಾ ಇಳಿಯಿತು. ನನ್ನ ಮದುವೆಗೋಸ್ಕರ ನೀವಿಬ್ಬರು ಗಂಡಸರು ಬಾಯಿಗೆ ಹೊಲಿಗೆ ಹಾಕಿಕೊಂಡಿರಿ. ಅಪ್ಪ ಎಂಜಿನ್ ಮುಂದೆ ನಗುತ್ತಿದ್ದದ್ದನ್ನು ನೋಡುವ ಪುಣ್ಯ ನಿನಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಅದೊಂದಕ್ಕೆ ನನಗೆ ಹೊಟ್ಟೆಕಿಚ್ಚು ಇದ್ದೇ ಇರುತ್ತದೆ, ಹೇಳಿಬಿಡುತ್ತೇನೆ.

ನಿನ್ನ ಭಾವನಿಗೆ ಎಲ್ಲ ಹೇಳಿದೆ. ನಿನ್ನ ಕಾಗದವನ್ನೇ ಕೈಗೆ ಕೊಟ್ಟೆ. ನಿನ್ನ ಭಾವ ಸುಶಮೀಂದ್ರರ ವಿಷಯ ನಿನಗೆ ಗೊತ್ತಿರುವುದೇ, ಒಂದು ಸಾಸಿವೆ ಹೆಚ್ಚು ಸಿಡಿದರೂ ಅರ್ಧ ಗಂಟೆ ಭಾಷಣ. ಓದಿ, ಮಡಿಸಿ, ಕನ್ನಡಕ ತೆಗೆದು ಒರೆಸಿದರು. ಎದ್ದು ಹೋಗಿ ಸಂಧ್ಯಾವಂದನೆ ಮುಗಿಸಿ ಬಂದರು. ಊಟಕ್ಕೆ ಕೂತ ಮೇಲೆ ಕೇಳಿದರು: ‘ಆ ಹುಡುಗಿ ಕಾಲೇಜಿಂದ ಎಷ್ಟು ಹೊತ್ತಿಗೆ ಬರ್ತಾಳೆ? ನಾನು ಏಳೂವರೆಗೆಲ್ಲ ಊಟಕ್ಕೆ ಕೂರೋನು. ಅವಳಿಗೋಸ್ಕರ ತಡ ಮಾಡೋದಕ್ಕಾಗಲ್ಲ, ಹೇಳ್ಬಿಡು.’ ಅಷ್ಟೇ. ಇಷ್ಟು ವರ್ಷ ಈ ಮನುಷ್ಯನ ಬಗ್ಗೆ ನಾನೂ ತಪ್ಪಾಗಿಯೇ ಲೆಕ್ಕ ಹಾಕಿದ್ದೆ ಅನ್ನಿಸಿತು.

ನಿನ್ನೆ ಎರಡನೇ ಭಾನುವಾರ, ಮತ್ತೆ ಕ್ರೋಂಪೇಟೆಗೆ ಹೋಗಿದ್ದೆವು. ಕೂಟದವರು ಇನ್ನೂ ಆ ಪೈಪಿನ ಹತ್ತಿರವೇ ಇದ್ದರು. ಬದರಿನಾಥ್ ಒಂದು ನಕ್ಷೆ ಬೇರೆ ಬರೆದು ತಂದಿದ್ದರು, ಬೆಂಕಿ ಆರಿಸುವುದನ್ನು ಸಾಧಿಸಲು. ನಾನು ಹೇಳಿದೆ, ‘ಇದು ಬಚ್ಚಲು. ಈ ಎಂಜಿನ್ ನಡೆಸುತ್ತಿದ್ದವರು ನಮ್ಮಪ್ಪ. ಸಂಜೆ ಇಲ್ಲಿ ಸ್ನಾನ ಮಾಡಿ ಮನೆಗೆ ಬರುತ್ತಿದ್ದರು.’ ಎಲೆ ಸರಿಸಿ ಪೆಡಲು ತೋರಿಸಿದೆ. ನಮ್ಮ ಜಾತಿ ಯಾವುದು, ಅಪ್ಪ ಟ್ಯಾನರಿಯಲ್ಲಿ ಹೇಗೆ ಅಂತ ಯಾರಾದರೂ ಕೇಳುತ್ತಾರೆ ಅಂತ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಬದರಿನಾಥ್ ಕೇಳಿದ್ದೇನು ಗೊತ್ತಾ? ‘ನೀರು ಎಷ್ಟು ಬಿಸಿ ಬರ್ತಿತ್ತು ಮೇಡಂ?’ ನಾನು ಅಳುತ್ತಾ ಇದ್ದವಳು ನಕ್ಕುಬಿಟ್ಟೆ. ಯಂತ್ರದ ಹುಚ್ಚಿರುವವರ ಹತ್ತಿರ ಇದೊಂದು ಸುಖ ನೋಡು.

ಸೀತಾರಾಮ ಅವರು ಪೈಪಿನ ಬಾಯಿಯ ತುಕ್ಕು ಕೆರೆದು, ಎಣ್ಣೆ ಬಿಟ್ಟು, ಸುಮಾರು ಹೊತ್ತು ಹೆಣಗಾಡಿ ಸಡಿಲ ಮಾಡಿದರು. ಪಕ್ಕದ ಬೀದಿಯಿಂದ ನೀರು ತಂದು ತೊಟ್ಟಿಗೆ ಸುರಿದರು. ‘ಮೇಡಂ, ನೀವೇ ತುಳೀರಿ’ ಅಂದರು. ಚಪ್ಪಲಿ ಹಾಕಿಕೊಂಡೇ ತುಳಿದೆ, ನೀನು ಬೈಯುತ್ತೀ ಅಂತ. ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಕೈ ಒಡ್ಡಿದೆ.

ಈಗ ನನ್ನ ಮಾತು ಕೇಳು. ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲಿಗೆ ನಾನು ಬೀಗ ಹಾಕಿದ್ದೇನೆ. ವಿಭಾ ಬಂದರೆ ಬೀದಿ ಬಾಗಿಲಿನಿಂದಲೇ ಬರಬೇಕು. ನಿನ್ನ ಬೀರುವಿನ ಬೀಗ ತೆಗೆ.

ನಿನ್ನ ಅಕ್ಕ


ದಾವಣಗೆರೆ
23 ಜೂನ್ 2002

ಪೂಜ್ಯ ಅಕ್ಕನಿಗೆ ಮತ್ತು ಭಾವನವರಿಗೆ ನಮಸ್ಕಾರಗಳು.

ಸಹಿ ಹಾಕಿ ಕಳಿಸಿದೆ. ಊಟಕ್ಕೆ ಕೂತಾಗ ವಿಭಾಳಿಗೆ ಅವಳ ತಾತನ ಕಥೆ ಹೇಳಿದೆ. ಮಾತು ಬಿಟ್ಟ ಮೇಲೆ ನಾನು ಅವಳಿಗೆ ಹೇಳಿದ ಮೊದಲ ಮಾತು ಅದೇ. ತಟ್ಟೆಯಲ್ಲಿ ಕೈ ಒಣಗುವವರೆಗೂ ಕೇಳಿದಳು. ‘ತಾತ ನಿಮ್ಮ ಕೈ ಹಿಡಿದು ತಿರುಗಿಸಿದ್ರಲ್ಲ, ಅದು ಮತ್ತೆ ಹೇಳಿ ಅಪ್ಪಾ’ ಅಂತ ಎರಡು ಸಲ ಹೇಳಿಸಿದಳು.

ನಾನೇ ಕರೆದುಕೊಂಡು ಬರುತ್ತೇನೆ. ಜುಲೈ ಎರಡನೇ ಭಾನುವಾರಕ್ಕೆ ಸರಿಯಾಗಿ ಬರುತ್ತೇನೆ. ನಿಮ್ಮ ಕೂಟದಲ್ಲಿ ಹೊರಗಿನವರನ್ನು ಸೇರಿಸುತ್ತಾರಾ?

ಒಂದು ಹೆದರಿಕೆ ಮಾತ್ರ ಇನ್ನೂ ಹೋಗಿಲ್ಲ. ಅವಳು ಮೊದಲ ದಿನ ಆ ತೊಟ್ಟಿಗಳ ಹತ್ತಿರ ಕೆಲಸ ಮಾಡಿ ಬಂದ ಸಂಜೆ ಏನಾಯಿತು ಅಂತ ನನಗೆ ಬರೆ. ಚೆನ್ನಾಗಿ ಕಾಣಲಿ ಅಂತ ಏನೂ ಸೇರಿಸಬೇಡ. ಇದ್ದದ್ದು ಇದ್ದ ಹಾಗೆ ಬರೆ.

ಮಧ್ವ


ಪೆರಂಬೂರು
16 ಆಗಸ್ಟ್ 2002

ಚಿ. ಮಧ್ವನಿಗೆ,

ನೀನು ಊರಿಗೆ ಹೊರಟ ಮೇಲೆ ಕೂಟದವರೆಲ್ಲ ನಿನ್ನನ್ನೇ ಕೇಳುತ್ತಿದ್ದಾರೆ. ಎಂಜಿನ್ನಿನ ಒಂದೊಂದು ಭಾಗದ ಹೆಸರನ್ನೂ ನೀನು ಅಪ್ಪ ಹೇಳಿದ ಹಾಗೇ ಹೇಳಿದೆಯಲ್ಲ, ಬದರಿನಾಥ್ ಅದನ್ನೆಲ್ಲ ಬರೆದುಕೊಂಡಿದ್ದಾರೆ. ಆ ಕಲ್ಲಿನ ಮೇಲೆ ನಾವಿಬ್ಬರೂ ನಿಂತಿದ್ದಾಗ ಸೀತಾರಾಮ ಫೋಟೋ ತೆಗೆದಿದ್ದರು. ಇದರ ಜೊತೆ ಇಟ್ಟಿದ್ದೇನೆ. ನಿನ್ನ ಕಣ್ಣು ಕೆಂಪಗೆ ಬಂದಿದೆ, ಬಿಸಿಲಿಗೆ ಅಂತ ವೃಂದಾಳಿಗೆ ಹೇಳಿಕೋ.

ಇನ್ನು ನೀನು ಕೇಳಿದ್ದು. ಏನೂ ಸೇರಿಸದೆ ಬರೆಯುತ್ತೇನೆ.

ಮೊದಲ ಕೆಲವು ವಾರ ಬರೀ ಪಾಠ. ಮೊನ್ನೆ ಬುಧವಾರ ಹಸಿ ಚರ್ಮದ ಪ್ರಾಕ್ಟಿಕಲ್ ಇತ್ತು. ಸಂಜೆ ಬೀದಿ ಗೇಟಿನ ಸದ್ದಾಯಿತು. ಆಮೇಲೆ ಹೆಜ್ಜೆ ಸದ್ದಿಲ್ಲ. ಹೋಗಿ ನೋಡಿದರೆ ಮೆಟ್ಟಿಲ ಕೆಳಗೆ ನಿಂತಿದ್ದಾಳೆ, ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು. ‘ಅತ್ತೆ, ತುಂಬಾ ವಾಸನೆ ಬರ್ತಿದೀನಿ. ಹಿತ್ತಲ ಬೀಗ ತೆಗೀತೀರಾ? ಸ್ನಾನ ಮಾಡಿ ಬರ್ತೀನಿ’ ಅಂದಳು. ಮುಖ ಸಣ್ಣದು ಮಾಡಿಕೊಂಡಿದ್ದಳು.

ವಾಸನೆ ಇತ್ತು. ಇರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಅದರಲ್ಲಿ ತಂಗಡಿ ತೊಗಟೆಯದೂ ಇತ್ತು. ನಾನು ಮೆಟ್ಟಿಲು ಇಳಿದು ಹೋಗಿ ಅವಳನ್ನು ತಬ್ಬಿಕೊಂಡೆ. ಅವಳ ಕುತ್ತಿಗೆಯ ಹತ್ತಿರ ಮೂಗಿಟ್ಟು ನಿಂತುಬಿಟ್ಟೆ. ‘ಅತ್ತೆ, ಯಾಕೆ ಅಳ್ತೀರಾ?’ ಅಂತ ಅವಳು ಗಾಬರಿಯಾದಳು.

ಅಷ್ಟರಲ್ಲಿ ಒಳಗಿನಿಂದ ನಿನ್ನ ಭಾವ ಕೂಗಿದರು: ‘ಏನದು ಬಾಗಿಲಲ್ಲೇ ನಿಂತ್ಕೊಂಡು? ಏಳೂವರೆ ಆಯ್ತು. ಸಾರು ಆರ್ತಿದೆ, ಆ ಮಗೂನ ಕರ್ಕೊಂಡು ಬಾರೇ.’

ಬಂದಳು. ಕೈ ತೊಳೆದು ಕೂತಳು. ಭಾವನ ಎದುರಿಗೇ ಕೂತಳು. ಅವರು ಒಂದು ಸಲ ಮೂಗು ಅರಳಿಸಿದರು, ನಾನು ನೋಡಿದೆ. ಆಮೇಲೆ ತುಪ್ಪದ ಬಟ್ಟಲನ್ನು ಅವಳ ಕಡೆ ಸರಿಸಿದರು. ಸಾರನ್ನ ಎರಡು ಸಲ ಹಾಕಿಸಿಕೊಂಡಳು. ಊಟ ಆದ ಮೇಲೂ ತಟ್ಟೆಯ ಮುಂದೆ ಕೂತು, ಚರ್ಮಕ್ಕೆ ಸುಣ್ಣ ಯಾಕೆ ಹಾಕುತ್ತಾರೆ ಅಂತ ಭಾವನಿಗೆ ವಿವರಿಸಿದಳು. ಅವರು ‘ಹಾಗಾ’ ಅನ್ನುತ್ತಾ ಕೇಳಿದರು.

ಆಮೇಲೆ ಸ್ನಾನಕ್ಕೆ ಹೋದಳು. ಸೆಖೆಗೆ ಈ ಊರಿನಲ್ಲಿ ರಾತ್ರಿ ಎಲ್ಲರೂ ಮಾಡುವ ಸ್ನಾನ. ನಾನು ಪಾತ್ರೆ ಎತ್ತಿಡುತ್ತಿದ್ದೆ. ಬಚ್ಚಲೊಳಗೆ ಏನೋ ಹಾಡು ಗುನುಗುತ್ತಾ ನಲ್ಲಿ ತಿರುಗಿಸಿದಳು. ಕೈಯಿಂದಲೇ ತಿರುಗಿಸಿದಳು ಮಧ್ವಾ.

ನಿನ್ನ ಅಕ್ಕ,
ಜಯ